ನಾಲ್ಕು ಪಟ್ಟು

ಕೊಳವೆಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವ ಆ ಹೆಂಗಸನ್ನು ಬೀದಿಯವರೆಲ್ಲ ‘ಕಾಯಿಲಕ್ಕ’ ಎಂದೇ ಕರೆಯುತ್ತಿದ್ದರು. ಎಂಥ ಕೊಳವೆ ಕೊಟ್ಟರೂ ಎಷ್ಟು ಸುತ್ತು, ಯಾವ ದಪ್ಪದ ತಂತಿ ಎಂದು ನಿಂತ ನಿಲುವಿನಲ್ಲೇ ಹೇಳಿಬಿಡುವಳು. ಲೆಕ್ಕ, ಸುತ್ತು ಅವಳದು. ವೈರಿಂಗ್, ಪರೀಕ್ಷೆ ಅಣ್ಣನದು.

ಹನ್ನೊಂದು ವರ್ಷದ ಹಿಂದೆ ಒಂದು ಕಾಲೇಜಿನವರು ತಮ್ಮ ಹಳೆಯ ಕಾಯಿಲನ್ನು ತಂದರು. ಉದ್ದ ಅಷ್ಟೇ ಇರಬೇಕು, ಕರೆಂಟೂ ಅಷ್ಟೇ. ಒಳಗಿನ ಕಾಂತಕ್ಷೇತ್ರ ಮಾತ್ರ ಎರಡರಷ್ಟಾಗಬೇಕು. ಅವಳು ಸುತ್ತುಗಳನ್ನು ಎರಡರಷ್ಟು ಮಾಡಿದಳು. ಕ್ಷೇತ್ರದ ಲೆಕ್ಕ ಕರಾರುವಾಕ್ಕಾಗಿತ್ತು. ಆದರೆ ಸುತ್ತು ಎರಡರಷ್ಟಾದರೆ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತಕ್ಕೆ ಕಾಯಿಲ್ ಒಡ್ಡುವ ತಡೆ, ನಾಲ್ಕರಷ್ಟು. ಕರೆಂಟು ತೆಗೆದಾಗ ಕಾಯಿಲ್ ಹೊರಗೆ ಒದೆಯುವ ಶಕ್ತಿಯೂ ನಾಲ್ಕರಷ್ಟು. ಆ ಒಂದು ಸಾಲನ್ನು ಆಮೇಲೆ ಬರೆದರಾಯಿತೆಂದು ಲೆಕ್ಕದ ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದಳು.

ಅಣ್ಣ ಪರೀಕ್ಷೆ ಮುಗಿಸಿ ಕರೆಂಟು ತೆಗೆಯಲು ಸ್ವಿಚ್ಚಿನ ಹಿಡಿ ಎಳೆದ. ಚಟಾರೆಂದಿತು. ಬೆಳ್ಳನೆಯ ಕಿಡಿ, ಕರಗಿದ ತಾಮ್ರ. ಅಣ್ಣನ ಎರಡೂ ಕಣ್ಣು ಹೋದವು.

ಅಂದಿನಿಂದ ಮನೆಯ ಫ್ಯಾನ್ ಆರಿಸುವಾಗಲೂ ಅವಳು ಮುಖ ತಿರುಗಿಸುತ್ತಾಳೆ. ಹಾಲಿನ ಪಾತ್ರೆ ಜಾರಿದರೆ ಸಾಕು, ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾಳೆ. ಅಣ್ಣ ದಿನವೂ ಬಂದು ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂರುತ್ತಾನೆ. ಸುತ್ತುವ ಸದ್ದಿಗೆ ಕಿವಿಗೊಟ್ಟು, “ತಂತಿ ಸಡಿಲ ಆಯ್ತು ನೋಡು” ಎನ್ನುತ್ತಾನೆ. ಒಂದು ದಿನವೂ ಬೈಯಲಿಲ್ಲ. ಅವಳಿಗೆ ಅದನ್ನೇ ತಡೆಯಲಾಗದು. ಬೆನ್ನ ಮೇಲೆ ಆ ಕಾಣದ ಕಣ್ಣುಗಳು ಸದಾ ನೆಟ್ಟಂತೆ.

ಮೊನ್ನೆ ಅದೇ ಕಾಲೇಜಿನಿಂದ ಮತ್ತೆ ಕಾಯಿಲ್ ಬಂತು. ಲೆಕ್ಕಕ್ಕೆ ಕೂತವಳು ಪೆನ್ನು ಕೆಳಗಿಟ್ಟಳು.

“ಅಣ್ಣಾ, ಅವತ್ತು ತಪ್ಪು ನಂದೇ. ಇಂಡಕ್ಟೆನ್ಸ್ ಲೆಕ್ಕ ಹಾಕಿರಲಿಲ್ಲ.”

“ಗೊತ್ತು.”

“ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಸ್ವಿಚ್ ಎಳೆಯೋ ಮುಂಚೆ ನಿನ್ನ ಪುಸ್ತಕ ನೋಡಿದ್ದೆ. ಆ ಸಾಲು ಖಾಲಿ ಇತ್ತು. ಕಿಡಿ ತಡೆಯೋಕೆ ಡಯೋಡ್ ಹಾಕೋದು ನನ್ನ ಕೆಲಸ. ಏನಾಗುತ್ತೆ ಬಿಡು ಅಂದ್ಕೊಂಡು ಹಾಕ್ಲಿಲ್ಲ.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ. ನನಗೂ ಬಾಯಿ ಬರ್ಲಿಲ್ಲ.”

ಅವಳಿಗೆ ಹಗುರವಾಗಲಿಲ್ಲ. ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡದ್ದನ್ನು ಅವನೂ ಕತ್ತಲಲ್ಲಿ ಹೊತ್ತು ಕೂತಿದ್ದ. ಸುತ್ತುಗಳ ವರ್ಗ, ಕೊಳವೆಯ ಅಡ್ಡಳತೆ, ಉದ್ದ ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ಅಣ್ಣ ಮನಸ್ಸಿನಲ್ಲೇ ಗುಣಿಸಿ, ಭಾಗಿಸಿ, ಉತ್ತರ ಹೇಳಿದ. ಅವಳು ಬರೆದದ್ದೂ ಅವನು ಹೇಳಿದ್ದೂ ತಾಳೆಯಾದವು.

ಆದರೂ ಅವನು ಅಂದ: “ಇನ್ನೊಂದ್ಸಲ ಓದು.”