ಓಡುರೊನ ಗೂಡಿನ ಮಣ್ಣು

ಡುಫಿಯೆ ನನ್ನ ದೊಡ್ಡಮ್ಮನ ಮಗಳು. ಗಂಡ ಓಡುರೊನ ವರ್ಷದ ಕರ್ಮ ಮುಗಿದ ಮೇಲೆ ನಮ್ಮ ತಾಯಿಮನೆಗೆ ವಾಪಸು ಬಂದಳು. ಒಂದೇ ಅಂಗಳದ ಸುತ್ತ ಆರು ಕೋಣೆ, ಹತ್ತೊಂಬತ್ತು ಜನ. ನನ್ನ ಕೋಣೆಯಲ್ಲಿ ಆಗಲೇ ನಾಲ್ವರು ಹೆಂಗಸರು. ಐದನೆಯವಳು ಬರುತ್ತಾಳೆ ಎಂದಾಗ ನನಗೆ ಮೈ ಉರಿಯಿತು, ಸುಳ್ಳೇಕೆ ಹೇಳಲಿ.

ಒಬ್ಬಳೇ ಬಂದಿದ್ದರೆ ಸರಿ. ಮುನ್ನೂರು ಬಸವನಹುಳುಗಳನ್ನೂ ತಂದಳು. ಓಡುರೊ ಕಾಡಿನಿಂದ ಆರಿಸಿ ತಂದು, ಸಾರಿಗೆಂದು ಸಾಕಿ ಮಾರುತ್ತಿದ್ದ ತಳಿಯ ಕಡೆಯ ಮರಿಗಳು. ಅವನ ತೋಟದ ಆರು ಗೂಡುಗಳಲ್ಲಿ ಅವು ಮುಷ್ಟಿಗಾತ್ರ ಬೆಳೆಯುತ್ತಿದ್ದವು. ತೋಟ ಈಗ ಓಡುರೊನ ಅಕ್ಕನ ಮಗ ಆಂಟ್ವಿಗೆ ಹೋಗಿತ್ತು. ನಮ್ಮಲ್ಲಿ ಅದು ಹಾಗೇ, ಹೆಂಡತಿಯನ್ನು ಯಾರು ಕೇಳುತ್ತಾರೆ?

"ಹುಳ ಬೇಕಾದ್ರೆ ತಗೊಂಡ್ಹೋಗಿ ಅತ್ತೆ, ನೆಲ ಮಾತ್ರ ಕೇಳ್ಬೇಡಿ," ಅಂದನಂತೆ ಆಂಟ್ವಿ.

"ಗೂಡಿನ ಮಣ್ಣು ಹುಳದ್ದೇ ಅಲ್ವೇನಪ್ಪ," ಎಂದು ಇವಳು ಆರೂ ಗೂಡುಗಳ ಮಣ್ಣು ಕೆರೆದು, ಬೇಸಿನ್ನಿಗೆ ತುಂಬಿ, ತಲೆ ಮೇಲೆ ಹೊತ್ತು ಒಂಬತ್ತು ಸಲ ನಡೆದಳು. ಆ ನೆಲದಲ್ಲಿ ಅವಳಿಗೆ ಸಿಕ್ಕಿದ್ದು ಅಷ್ಟೇ.

ನಮ್ಮ ಹಿರಿಯರು ಬಚ್ಚಲ ಗೋಡೆಯ ಪಕ್ಕ ಒಂದೇ ಗೂಡಿಗೆ ಜಾಗ ಕೊಟ್ಟರು. ಹೊತ್ತು ತಂದ ಮಣ್ಣನ್ನು ಅದಕ್ಕೆ ತುಂಬಿದಳು. ಮುನ್ನೂರೂ ಅದರೊಳಗೇ. ಊಟದಂಗಡಿ ಬಿರಾಗೊ ಮಾತು ಕೊಟ್ಟಿದ್ದಳು: ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಹುಳುಗಳು ಮುಷ್ಟಿಗಾತ್ರವಾದರೆ ಅಂಗಡಿಗೆ ಹುಳು ಸಾಕಲು ತನ್ನ ಹಿತ್ತಿಲನ್ನೂ ಅಲ್ಲಿನ ಕೋಣೆಯನ್ನೂ ಡುಫಿಯೆಗೆ ಬಿಟ್ಟುಕೊಡುವುದಾಗಿ. ಬಾಗಿಲು ಹಾಕಿಕೊಂಡು ಒಬ್ಬಳೇ ಮಲಗಬಹುದಾದ ಕೋಣೆ! ಅವಳು ಬದುಕಿದ್ದೇ ಆ ಮಾತಿನ ಮೇಲೆ.

ಹುಳುಗಳು ಬೆಳೆಯಲಿಲ್ಲ. ಮೊದಮೊದಲು ಸಂಜೆಯಾದರೆ ಒಂದರ ಮೇಲೊಂದು ಹತ್ತಿ ತಿನ್ನುತ್ತಿದ್ದವು. ಆಮೇಲೆ ಗೂಡಿನ ಮುಚ್ಚಳಕ್ಕೆ ಅಂಟಿಕೊಂಡು, ಚಿಪ್ಪಿನೊಳಗೆ ಮುದುರಿಕೊಂಡು ದಿನಗಟ್ಟಲೆ ಹಾಗೇ ಇರತೊಡಗಿದವು. ಒಂದರ ಚಿಪ್ಪನ್ನು ಇನ್ನೊಂದು ಕೆರೆದು ಸುಣ್ಣ ತಿನ್ನುವುದನ್ನು ನಾನೇ ಕಂಡೆ. ಡುಫಿಯೆ ಹಸಿವೆಂದುಕೊಂಡು ಇನ್ನಷ್ಟು ಪರಂಗಿ ಎಲೆ, ಕೆಸುವಿನ ಎಲೆ ಸುರಿದಳು. ಎಲೆ ಕೊಳೆತು ನಾರಿತು.

"ಅರ್ಧ ಮಾರ್ಬಿಡೇ, ಉಳಿದವಾದ್ರೂ ಉಸಿರಾಡ್ಲಿ," ಅಂದೆ.

"ಯಾವ ಅರ್ಧ? ನೀನೇ ಹೇಳು," ಅಂದಳು.

ಕೊನೆಗೆ ನನ್ನ ಕಾಟ ತಾಳಲಾರದೆ ಒಡಕು ಡ್ರಮ್ಮೊಂದಕ್ಕೆ ಅದೇ ಮಣ್ಣು ಹಾಕಿ ಐವತ್ತನ್ನು ಅದಕ್ಕೆ ಬಿಟ್ಟಳು. ಅಷ್ಟು ಜಾಗವಿದ್ದರೂ ಅವೂ ಬೆಳೆಯಲಿಲ್ಲ. ನಾವು ನಾಲ್ವರೂ ಗೊಣಗುತ್ತಿದ್ದರೆ ಡುಫಿಯೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಮಳೆ ನಿಂತ ವಾರ ಬಿರಾಗೊ ಬಂದಳು.

"ಮರಿ ತೋರಿಸ್ತಿದೀಯಲ್ಲೇ, ದೊಡ್ಡವೆಲ್ಲಿ?"

"ಇವೇ ಅಕ್ಕಾ."

ಬಿರಾಗೊ ಒಂದನ್ನೆತ್ತಿ ಚಿಪ್ಪಿನ ಬಾಯಂಚಿನ ಮೇಲೆ ಹೆಬ್ಬೆರಳಾಡಿಸಿದಳು. "ಅಂಚು ದಪ್ಪ ಕಟ್ಬಿಟ್ಟಿದೆ. ಇಷ್ಟು ಗಾತ್ರಕ್ಕೇ ಮುದಿಯಾದ್ವು ಕಣೇ. ಇನ್ನೇನ್ ಹಾಕಿದ್ರೂ ಬೆಳೆಯಲ್ಲ." ಆಮೇಲೆ ಹಿಡಿ ಮಣ್ಣೆತ್ತಿ ಮೂಸಿದಳು. "ಇದೆಲ್ಲೀದು?"

"ಅವ್ರ ಗೂಡಿಂದು."

"ಅಯ್ಯೋ ಹುಚ್ಚೀ! ಅವ್ನು ಕಾಯಿಲೆ ಬಿದ್ದ ಎರಡು ವರ್ಷ ಇದನ್ನ ಯಾರೂ ಬದಲಾಯಿಸ್ಲಿಲ್ಲ, ಅಲ್ವಾ? ಬರೀ ಲೋಳೆ, ಹೇಲು. ಇದ್ರಲ್ಲಿ ಎರಡೇ ಹುಳ ಬಿಟ್ರೂ ನೂರರ ಮಧ್ಯೆ ಬಿಟ್ಟ ಹಾಗೇನೇ, ಇಕ್ಕಟ್ಟು ಅಂದ್ಕೊಂಡು ಬೆಳೆಯೋದೇ ನಿಲ್ಸಿಬಿಡ್ತವೆ."

ಓಡುರೊ ಪ್ರತಿ ಮಳೆಗಾಲಕ್ಕೂ ಗೂಡಿನ ಮಣ್ಣು ತೆಗೆದು ಹೊಸದು ತುಂಬುತ್ತಿದ್ದುದು ಡುಫಿಯೆಗೆ ಗೊತ್ತಿತ್ತು. ಅದು ಅವನ ಚೊಕ್ಕಟದ ಗೀಳು ಎಂದುಕೊಂಡಿದ್ದಳು. ಬಿರಾಗೊ ಹೋದ ಮೇಲೆ ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಆ ಹಿತ್ತಿಲು ತಿಂಗಳೊಳಗೆ ಬೇರೆಯವರ ಪಾಲಾಯಿತು.

ಅವಳು ಅಷ್ಟೂ ಹುಳುಗಳನ್ನು ನಿಂಬೆ, ಉಪ್ಪು ಹಾಕಿ ತಿಕ್ಕಿ ತೊಳೆದು ಸಾರು ಮಾಡಿದಳು. ಹತ್ತೊಂಬತ್ತು ಜನರೂ ಫುಫು ಮುದ್ದೆಯ ಜತೆ ಉಂಡೆವು. ಹೇಳಬಾರದು, ರುಚಿಯಾಗಿತ್ತು. ಅವಳು ಬಡಿಸಿದಳೇ ಹೊರತು ತಿನ್ನಲಿಲ್ಲ.

ಮರುದಿನ ಬೇಸಿನ್ನಿನ ತುಂಬ ಆ ಮಣ್ಣು ತುಂಬಿ ತಂದು ಕೋಣೆಯಲ್ಲಿ ತನ್ನ ಚಾಪೆಯ ಕಾಲ ಬಳಿ ಇಟ್ಟುಕೊಂಡಳು.

"ಅದನ್ನ ಎಸಿಯೇ ಮಾರಾಯ್ತಿ," ಅಂದೆ. "ನಾರುತ್ತೆ. ಕಾಲು ಚಾಚೋಕೂ ಜಾಗ ಇಲ್ಲ ಇಲ್ಲಿ."

"ನಾನು ಚಾಚಲ್ಲ ಬಿಡೇ," ಅಂದಳು.