ಇಬ್ಬರನ್ನು ಹೋಲಿಸದ ಸೀನಿಯರ್

ನಮ್ಮ ಸೀನಿಯರ್ ಅವರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಧಾರಾವಿಯ ಚರ್ಮದ ಕಾರ್ಖಾನೆಯಲ್ಲಿ ಅಪ್ಪನ ಪಕ್ಕ ಕೂತು ಸುತ್ತಿಗೆಯೇಟು ತಿಂದ ಬೆರಳು. ಪರದೆಯ ಮೇಲೆ ಅದು ತೋರಿಸಿದ್ದಕ್ಕಿಂತ ಒಂದು ಸಾಲು ಮೇಲೆ ನೋಡಬೇಕು ಎಂಬುದು ಪವಾಯಿಯ ನಮ್ಮ ಸಾಫ್ಟ್‌ವೇರ್ ಆಫೀಸಿಗೆ ಸೇರಿದವರು ಕಲಿಯುತ್ತಿದ್ದ ಮೊದಲ ಪಾಠ. ವಿಜಯಪುರದ ಕಡೆಯವರು, ಹೆಂಡತಿಯ ಜೊತೆ ದಖ್ನಿ ಉರ್ದು, ಮ್ಯಾನೇಜರ್ ಜೊತೆ ಹಿಂದಿ, ಮೈಸೂರಿನವಳಾದ ನನ್ನ ಜೊತೆ ಕನ್ನಡ. ಬೈಯುವುದಿದ್ದರಂತೂ ಕನ್ನಡವೇ.

ಪರೇಲಿನ ಒಂದು ಆಸ್ಪತ್ರೆಗೆ ರೋಗಿಗಳ ಸರದಿ ನಿರ್ಧರಿಸುವ ಕೋಡ್ ನಮ್ಮದಾಗಿತ್ತು. ಹಳೆಯ ಕೋಡ್ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಇವನು ಮುಂದೋ ಅವನು ಮುಂದೋ ಎಂದು ಹೋಲಿಸುತ್ತಿತ್ತು. ಅದರ ಹೊಟ್ಟೆಯಲ್ಲಿ ನೂರೆಂಟು ‘ಆದರೆ’ಗಳು. ಟ್ರಸ್ಟಿಗಳ ಕಡೆಯವರಾದರೆ ಮುಂದೆ ಎಂಬುದೂ ಅಲ್ಲೇ ಎಲ್ಲೋ ಅಡಗಿ ಕೂತಿತ್ತು. ಸೀನಿಯರ್ ಅದನ್ನೆಲ್ಲ ಕಿತ್ತೆಸೆದು ಪ್ರತಿ ರೋಗಿಗೂ ಅವರದೇ ಒಂದು ಕೀ, ಅಂದರೆ ಸರದಿ ಗೊತ್ತುಮಾಡುವ ಅಂಕಿ, ಕೊಟ್ಟರು: ಕಾಯಿಲೆ ಎಷ್ಟು ಜೋರು, ಬಂದದ್ದು ಯಾವಾಗ. ಅಷ್ಟೇ.

“ಇಬ್ಬರನ್ನ ಜಗಳಕ್ಕ ಹಚ್ಚಬ್ಯಾಡ ತಂಗಿ,” ಅನ್ನುತ್ತಿದ್ದರು. “ಒಬ್ಬೊಬ್ಬರನ್ನ ಕರದು, ನಿನಗೇನಾಗೈತಪಾ ಅಂತ ಕೇಳು. ಸರದಿ ತಾನ ಅಕ್ಕೈತಿ.”

ಶಿಫಾರಸನ್ನೂ ಕೀಯಲ್ಲಿ ಸೇರಿಸಿ ಎಂದು ಮ್ಯಾನೇಜರ್ ಬಂದರು. “ಅರೇ ಭಾಯ್, ಛೋಟಾಸಾ ಕಾಮ್ ಹೈ.”

“ಕರ್ ದೂಂಗಾ,” ಎಂದರು ಸೀನಿಯರ್. “ಲೇಕಿನ್ ಸ್ಕ್ರೀನ್ ಪರ್ ಸಬ್ ಕೋ ದಿಖೇಗಾ.” ಮಾಡಿಕೊಡುತ್ತೇನೆ, ಆದರೆ ಯಾರಿಗೆ ಶಿಫಾರಸಾಗಿದೆ ಎಂಬುದು ಪರದೆಯಲ್ಲಿ ಎಲ್ಲರಿಗೂ ಕಾಣುತ್ತದೆ, ಅಂತ.

ಮುಂದಿನ ತಿಂಗಳು ಅವರನ್ನು ಕೆಲಸದಿಂದ ತೆಗೆದರು. ಬೀಳ್ಕೊಡುಗೆಗೆ ಕೇಕ್ ಬೇರೆ ತರಿಸಿದ್ದರು, ಮಾನಗೆಟ್ಟವರು. ಅವರ ಕೋಡಾದರೂ ಉಳಿಯಿತು ಎಂದು ಬರೆಯಲು ನನಗೆ ಆಸೆ. ಉಳಿಯಲಿಲ್ಲ. ಹಳೆಯ ಹೋಲಿಕೆ ವಾರದೊಳಗೆ ವಾಪಸು ಬಂತು.

ಕೆಲವು ವರ್ಷಗಳ ನಂತರ ಅವರ ಹೆಂಡತಿ ಅದೇ ಆಸ್ಪತ್ರೆಯಿಂದ ಫೋನ್ ಮಾಡಿದರು. “ಮುಂಜಾನಿಂದ ಕುಂತೇವಿ, ಇವ್ರಿಗೆ ಉಸರಾಡಾಕ ಆಗವಲ್ದು. ಯಾರರ ಗುರ್ತಿನವರು ಅದಾರೇನವಾ?” ಸೀನಿಯರ್ ಬರೆದ ಕೋಡ್ ಇದ್ದಿದ್ದರೆ ಅಷ್ಟು ಹೊತ್ತಿಗೆ ಒಳಗಿರುತ್ತಿದ್ದರು. ನಾನು ಮ್ಯಾನೇಜರ್‌ಗೆ ಫೋನ್ ಮಾಡಿ ಕೈಮುಗಿದು ಬೇಡಿಕೊಂಡೆ. ಐದು ನಿಮಿಷದಲ್ಲಿ ಆಸ್ಪತ್ರೆಯ ಪರದೆಯಲ್ಲಿ ಸೀನಿಯರ್ ಹೆಸರು ಎಲ್ಲರಿಗಿಂತ ಮೇಲೆ ಬಂತು.

ಸಂಜೆ ವಾರ್ಡಿಗೆ ಹೋದಾಗ ಆಕ್ಸಿಜನ್ ಮಾಸ್ಕ್ ಸರಿಸಿ ಕೇಳಿದರು: “ಯಾರನ್ನ ಹಿಂದ ಹಾಕಿ ನನ್ನ ಮುಂದ ತಂದಿ?”

ನನಗೇನು ಗೊತ್ತು? ಅವರು ಗೋಡೆಯ ಕಡೆ ಹೊರಳಿದರು. ಆಮೇಲೆ ನನ್ನ ಜೊತೆ ಮಾತೇ ಆಡಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಫೋನ್ ಮಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ, ಇನ್ನೊಮ್ಮೆ ಬೇಕಾದರೂ ಮಾಡುತ್ತೇನೆ. ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಅವರನ್ನು ಒಳಗೆ ಸೇರಿಸಲು ನನಗೆ ಸಿಕ್ಕಿದ್ದು, ಕೆಲಸ ಹೋದರೂ ಸರಿ ಎಂದು ಅವರೇ ಮುಚ್ಚಿದ್ದ ಆ ಶಿಫಾರಸಿನ ಬಾಗಿಲೊಂದೇ.