ಮೇಡಂ ಹೊಲಿಸದ ಕುಬುಸ

ಮೊನ್ನೆ ಟ್ರಂಕು ತೆಗೆದಾಗ ಹೊಸ ಬಟ್ಟೆಯ ಗಂಜಿ ವಾಸನೆ ಬಂತು. ಮಡಿಕೆ ಬಿಚ್ಚದ ನೇರಳೆ ಬಣ್ಣದ ಕುಬುಸದ ಬಟ್ಟೆ. ನಮ್ಮ ಮೇಡಂ ಅವರದು...

ಮೇಡಂ ನಮಗೆ ಸಮಾಜಕಾರ್ಯ ಕಲಿಸುತ್ತಿದ್ದರು. ಕುಡಿತಕ್ಕೆ ಬಿದ್ದವರು, ಜೈಲು ಸೇರಿದವರು, ಅವರ ಹಿಂದೆ ಉಳಿದ ಹೆಂಡತಿ ಮಕ್ಕಳು, ಇದೇ ಅವರ ಅಧ್ಯಯನ. ಅಂಥ ಎಷ್ಟೋ ಮನೆಗಳು ಹೊಲಿಗೆ ಮಿಷನ್ ನಂಬಿಕೊಂಡು ಬದುಕುತ್ತಿದ್ದವು. ಮೇಡಂ ಫೈಲು ಹಿಡಿಯದೆ ಕುಬುಸದ ಬಟ್ಟೆ ಹಿಡಿದು ಹೋಗುತ್ತಿದ್ದರು. ಅಳತೆ ಕೊಡುತ್ತಾ ನಿಂತರೆ ಎದುರಿನವಳ ಮಾತು ತಾನಾಗಿಯೇ ಹೊರಬರುತ್ತಿತ್ತು. ಅವರ ಕುಬುಸ ನೋಡಿ ನಾವು ನಕ್ಕರೆ ಅವರೂ ನಗುವರು: "ಇದು ಹೊನ್ನಾಳಿದು, ನಿನ್ನೇದು ಜಗಳೂರಿಂದು. ಯಾವುದೂ ಮೈಗೆ ಕೂರಲ್ಲ ನೋಡ್ರವ್ವಾ!"

ನ್ಯಾಮತಿಯಲ್ಲೊಂದು ಮನೆ. ಗಂಡ ಅಮಲಿನಲ್ಲಿ ಒಬ್ಬನನ್ನು ಹೊಡೆದು ಸಾಯಿಸಿ ಜೈಲಿನಲ್ಲಿದ್ದ. ಹೆಂಡತಿ ಸೂಳೆಕೆರೆ ಕಡೆಯ ಹಳ್ಳಿ ಬಿಟ್ಟು, ಗುರುತಿಲ್ಲದ ಊರೆಂದು ಇಲ್ಲಿಗೆ ಬಂದಿದ್ದಳು. ಗಂಡ ಗೋವಾದಲ್ಲಿ ದುಡಿಯುತ್ತಾನೆ ಎಂದು ಹೇಳಿಕೊಂಡಿದ್ದಳು. ಮಗಳಿಗೆ ಅದೇ ಊರಿನ ಗಂಡು ಗೊತ್ತಾಗಿತ್ತು.

ಒಮ್ಮೆ ಮೇಡಂಗೆ ಜ್ವರ ಬಂದು ಆ ಮನೆಗೆ ನನ್ನನ್ನು ಕಳಿಸಿದರು. ನನಗೆ ಓಣಿ ತಪ್ಪಿತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಫೈಲು ಎದೆಗವಚಿಕೊಂಡು ಕೇಳಿಬಿಟ್ಟೆ: "ಗಂಡ ಜೈಲಿನಾಗೆ ಅದಾನಲ್ರೀ, ಬಟ್ಟೆ ಹೊಲಿತಾರಲ್ಲ, ಅವರ ಮನೆ ಯಾವುದು?"

"ಏ, ಟೈಲರಮ್ಮನ ಗಂಡ ಗೋವಾದಾಗೆ ಅದಾನಂತಲ್ಲವ್ವಾ?" ಎಂದ ಅಂಗಡಿಯವನು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು...

ಆ ವಾರವೇ ಗಂಡಿನ ಕಡೆಯವರು ಬೇಡವೆಂದರು.

ಮೇಡಂ ನನ್ನನ್ನು ಬೈಯಲಿಲ್ಲ. ಕರೆದುಕೊಂಡು ಆ ಮನೆಗೆ ಹೋದರು, ಕೈಯಲ್ಲಿ ಈ ನೇರಳೆ ಬಟ್ಟೆ. ಆ ತಾಯಿ ಹೊಸ್ತಿಲೊಳಗೇ ನಿಂತಳು. "ನಿಮ್ಮ ಅಳತೆ ನಂಗೆ ಬಾಯಿಪಾಠ ಐತ್ರೀ ಮೇಡಂ. ಇನ್ನ ಈ ಕಡೆ ಬರಬ್ಯಾಡ್ರಿ." ಒಳಗೆ ಮಗಳು ಮಿಷನ್ ತುಳಿಯುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ಬಾಗಿಲು ಮುಚ್ಚಿತು.

ಬಸ್ಸಿನಲ್ಲಿ ಮೇಡಂ ಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿದರು. "ತಪ್ಪು ನಂದು ಕಣವ್ವಾ. ಇದನ್ನ ಹಿಡಿಯೋದು ಓಣಿಯವರ ಕಣ್ಣಿಗೆ ಗಿರಾಕಿ ಥರ ಕಾಣಾಕೆ, ಅಂತ ನಿಂಗೆ ಹೇಳಾಕೆ ಮರ್ತೆ." ಊರಿಗೆ ಬಂದ ಮೇಲೆ ಆ ಮನೆಯ ಪುಟಗಳನ್ನೆಲ್ಲ ಅಧ್ಯಯನದಿಂದ ತೆಗೆದುಹಾಕಿದರು. ಆಮೇಲೆ ಅವರು ಯಾರ ಮನೆಗೂ ಹೋದದ್ದನ್ನು ನಾನು ಕಾಣೆ.

ಮೇಡಂ ತೀರಿಕೊಂಡು ಮೂರು ವರ್ಷವಾಯಿತು. ಟ್ರಂಕು ಮುಚ್ಚಿದ ಮರುದಿನ ತಡೆಯಲಾರದೆ ನ್ಯಾಮತಿಗೆ ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಮನೆಯಾಕೆ ಹೊರಬಂದು, "ಯಾರು ಬೇಕಾಗಿತ್ರೀ?" ಎಂದಳು.

ತಾಯಿ ಮಗಳು ಎಲ್ಲಿಗೆ ಹೋದರೋ, ಆ ಹುಡುಗಿಗೆ ಮದುವೆಯಾಯಿತೋ ಇಲ್ಲವೋ, ತಿಳಿಯಬೇಕೆಂದರೆ ಈ ಓಣಿಯಲ್ಲಿ ನಾನು ಮತ್ತೆ ಬಾಯಿ ಬಿಡಬೇಕು.

"ಯಾರೂ ಇಲ್ಲ ಬಿಡ್ರಿ," ಎಂದು ಬಸ್ಸಿನ ಕಡೆ ನಡೆದೆ.